ಯಹೂದಿ ಶಾಲೆಗಳಲ್ಲಿ ಹೀಬ್ರೂ ಮಾತಾಡಲು ಕಲಿಸಬೇಕೆ? ಪರ-ವಿರೋಧ

ಅಮೆರಿಕದಲ್ಲಿ ಯಹೂದಿ ಮಕ್ಕಳಿಗಾಗಿಯೇ ನಡೆಯುವ ಪೂರ್ಣಾವಧಿ ಶಾಲೆಗಳಿಗೆ ಡೇ ಸ್ಕೂಲ್ ಅನ್ನುತ್ತಾರೆ. ದಿನದ ಒಂದು ಭಾಗ ಗಣಿತ, ವಿಜ್ಞಾನ, ಇಂಗ್ಲಿಷ್. ಇನ್ನೊಂದು ಭಾಗ ತೋರಾ (ಯಹೂದಿಗಳ ಮುಖ್ಯ ಧರ್ಮಗ್ರಂಥ), ಪ್ರಾರ್ಥನೆ, ಯಹೂದಿ ಇತಿಹಾಸ, ಹೀಬ್ರೂ. 2013-14ರ ಗಣತಿಯ ಪ್ರಕಾರ ಇಂಥ ಶಾಲೆಗಳಲ್ಲಿ ಸುಮಾರು 2,55,000 ಮಕ್ಕಳು ಓದುತ್ತಿದ್ದರು. ಇವರಲ್ಲಿ ದೊಡ್ಡ ಪಾಲು ಬಹಳ ಸಂಪ್ರದಾಯಸ್ಥ ಮನೆಗಳ ಮಕ್ಕಳು. ಅವರ ಶಾಲೆಗಳಲ್ಲಿ ಹೀಬ್ರೂ ಎಂದರೆ ಪವಿತ್ರ ಗ್ರಂಥದ ಭಾಷೆ, ಅದನ್ನು ಬೀದಿಯಲ್ಲಿ ಆಡುವ ಪ್ರಶ್ನೆಯೇ ಇಲ್ಲ. ಚರ್ಚೆ ನಡೆಯುತ್ತಿರುವುದು ಉಳಿದ ಶಾಲೆಗಳಲ್ಲಿ: ಮಾಡರ್ನ್ ಆರ್ಥೊಡಾಕ್ಸ್, ಕನ್ಸರ್ವೇಟಿವ್, ರಿಫಾರ್ಮ್, ಮತ್ತು ಯಾವ ಪಂಥಕ್ಕೂ ಸೇರದ ಸಮುದಾಯ ಶಾಲೆಗಳಲ್ಲಿ. ಅಲ್ಲಿ ದಿನವೂ ಒಂದು ಹೀಬ್ರೂ ಪೀರಿಯಡ್ ಇರುತ್ತದೆ. ಅದು ಇಂದಿನ ಜನರ ಜೊತೆ ಮಾತಾಡಲು ಕಲಿಸಬೇಕೋ, ಹಳೆಯ ಪುಸ್ತಕಗಳನ್ನು ಓದಲು ಕಲಿಸಬೇಕೋ?

ಎರಡೂ ಕಡೆಯ ವಾದವನ್ನು ಆ ಕಡೆಯವರು ಒಪ್ಪುವಂತೆ ಬರೆಯಲು ನೋಡಿದ್ದೇನೆ. ನನ್ನ ಮನಸ್ಸು ಎರಡನೆಯದರ ಕಡೆ ಸ್ವಲ್ಪ ಜಾಸ್ತಿ ವಾಲುತ್ತದೆ. ಮೊದಲನೆಯದನ್ನು ತಳ್ಳಿಹಾಕುವುದು ಮಾತ್ರ ನನ್ನಿಂದ ಆಗಿಲ್ಲ. ಹೊರದೇಶದಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಒದ್ದಾಡುತ್ತಿರುವವರಿಗೆ ಇಲ್ಲಿನ ಹಲವು ಮಾತುಗಳು ತಮ್ಮ ಮನೆಯವೇ ಅನ್ನಿಸಬಹುದು.

ಪರ: ಭಾಷೆ ಬಾಯಿಗೆ ಬರಬೇಕು

ಪ್ಯೂ ಸಂಶೋಧನಾ ಸಂಸ್ಥೆ 2013ರಲ್ಲಿ ಅಮೆರಿಕದ ಯಹೂದಿಗಳ ಸಮೀಕ್ಷೆ ನಡೆಸಿತು. ಹೀಬ್ರೂ ಅಕ್ಷರಮಾಲೆ ಗೊತ್ತು ಎಂದವರು 52 ಪರ್ಸೆಂಟ್. ಹೀಬ್ರೂ ಓದಿದಾಗ ಎಲ್ಲ ಪದಗಳೂ, ಇಲ್ಲವೇ ಹೆಚ್ಚಿನ ಪದಗಳು ಅರ್ಥವಾಗುತ್ತವೆ ಎಂದವರು 13 ಪರ್ಸೆಂಟ್. ಅಕ್ಷರ ಬಲ್ಲ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಅರ್ಥ ಗೊತ್ತು ಅಂತಾಯ್ತು. ಇದು ಡೇ ಸ್ಕೂಲಿನಲ್ಲಿ ಓದಿದವರದಷ್ಟೇ ಅಲ್ಲ, ಎಲ್ಲ ಯಹೂದಿಗಳ ಲೆಕ್ಕ. ಆದರೆ ಅರ್ಥ ಬಿಟ್ಟು ಅಕ್ಷರ ಓದಿಸುವ ಅಭ್ಯಾಸ ಎಷ್ಟು ದೂರ ಹಬ್ಬಿದೆ ಎನ್ನುವುದು ಇದರಿಂದ ಕಾಣುತ್ತದೆ.

ಆ ಅಭ್ಯಾಸ ನಡೆದುಕೊಂಡು ಬರಲು ಕಾರಣವಿದೆ. ಪ್ರಾರ್ಥನೆಯ ಪುಸ್ತಕವಾದ ಸಿದ್ದೂರ್‌ನಲ್ಲಿ ವ್ಯಂಜನಗಳ ಕೆಳಗೆ, ಮೇಲೆ ಸ್ವರದ ಗುರುತುಗಳನ್ನು ಹಾಕಿರುತ್ತಾರೆ. ಅವುಗಳಿಗೆ ನಿಕ್ಕೂದ್ ಎಂದು ಹೆಸರು. 22 ಅಕ್ಷರ, ಒಂದಿಷ್ಟು ಚುಕ್ಕಿ-ಗೆರೆ ಕಲಿತ ಮಗು ಸಿದ್ದೂರನ್ನು ಗಟ್ಟಿಯಾಗಿ ಓದಿಬಿಡುತ್ತದೆ. ಹದಿಮೂರನೇ ವಯಸ್ಸಿನಲ್ಲಿ ಬಾರ್ ಮಿಟ್ಸ್ವಾ ಬರುತ್ತದೆ, ಹುಡುಗ ಧರ್ಮದ ಲೆಕ್ಕದಲ್ಲಿ ದೊಡ್ಡವನಾಗುವ ದಿನ. ಅವತ್ತು ತೋರಾದ ಸುರುಳಿಯಿಂದ ಓದಬೇಕು, ಅದರಲ್ಲಿ ಸ್ವರದ ಗುರುತು ಇರುವುದಿಲ್ಲ. ಎಷ್ಟೋ ಮಕ್ಕಳು ರೆಕಾರ್ಡಿಂಗ್ ಕೇಳಿ ರಾಗದ ಸಮೇತ ಬಾಯಿಪಾಠ ಮಾಡುತ್ತಾರೆ. ಮನೆಯವರು ಹೆಮ್ಮೆಪಡುತ್ತಾರೆ, ಪಡಲೇಬೇಕು. ಆದರೆ ಈಗ ಓದಿದ ಸಾಲಿನಲ್ಲಿ ಏನಿದೆ ಎಂದು ಕೇಳಿದರೆ ಮಗು ಇಂಗ್ಲಿಷ್ ಅನುವಾದ ಹುಡುಕುತ್ತದೆ.

ಡೇ ಸ್ಕೂಲಿನಲ್ಲಿ ಹೀಗಾಗಲು ನೆಪವೇ ಇಲ್ಲ. ಅಲ್ಲಿ ಸಮಯ ಇದೆ. ದಿನಕ್ಕೆ 40 ನಿಮಿಷ, ಹಬ್ಬಗಳನ್ನೆಲ್ಲ ಕಳೆದು ವರ್ಷಕ್ಕೆ 170 ದಿನ ಅಂತ ಹಿಡಿಯಿರಿ. ವರ್ಷಕ್ಕೆ 113 ಗಂಟೆ, ಎಂಟು ವರ್ಷಕ್ಕೆ 900 ಗಂಟೆ ದಾಟುತ್ತದೆ. ಹನ್ನೆರಡು ವರ್ಷ ಓದಿದರೆ 1,350ಕ್ಕೂ ಹೆಚ್ಚು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಕೆಲಸಕ್ಕೆ ಬೇಕಾಗುವಷ್ಟು ಹೀಬ್ರೂ ಕಲಿಸಲು ಇಟ್ಟುಕೊಂಡಿರುವ ಅಂದಾಜು ಸುಮಾರು 1,100 ತರಗತಿ ಗಂಟೆ. ಅಷ್ಟು ಗಂಟೆ ಶಾಲೆಯ ಕೈಯಲ್ಲೇ ಇದೆ. ಹೀಗಿದ್ದೂ ಎಂಟು ವರ್ಷ ಕಲಿತ ಹುಡುಗಿ ಟೆಲ್ ಅವೀವ್‌ನಿಂದ ಬಂದ ತನ್ನದೇ ವಯಸ್ಸಿನ ನೆಂಟಳ ಎದುರು ಮಾತು ಹೊರಡದೆ ನಿಂತರೆ ಕಲಿಸಿದ ರೀತಿಯನ್ನು ಪ್ರಶ್ನಿಸಲೇಬೇಕು.

ಆ ಗಂಟೆಗಳು ಎಲ್ಲಿ ಹೋಗುತ್ತವೆ? ಬಹಳಷ್ಟು ವ್ಯಾಕರಣದ ಕೋಷ್ಟಕಗಳಿಗೆ. ಹೀಬ್ರೂ ಕ್ರಿಯಾಪದಗಳಿಗೆ ಬಿನ್ಯಾನ್ ಎಂಬ ಏಳು ಅಚ್ಚುಗಳಿವೆ. ಸಾಮಾನ್ಯವಾಗಿ ಮೂರು ಅಕ್ಷರದ ಒಂದು ಮೂಲವನ್ನು ಈ ಅಚ್ಚುಗಳಲ್ಲಿ ಇಟ್ಟು ರೂಪಗಳನ್ನು ಮಾಡುತ್ತಾರೆ. ಇದು ನಿಜಕ್ಕೂ ಚೆಂದದ ವ್ಯವಸ್ಥೆ. ಆದರೆ ಇದನ್ನು ಖಾಲಿ ಜಾಗ ತುಂಬುವ ಲೆಕ್ಕವಾಗಿ ವರ್ಷಗಟ್ಟಲೆ ಮಾಡಿಸುತ್ತಾರೆ, ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ಮಗುವಿಗೆ ಅಚ್ಚುಗಳ ಹೆಸರು ಬರುತ್ತದೆ. 'ನನ್ನ ಬ್ಯಾಗ್ ಬಸ್ಸಿನಲ್ಲೇ ಉಳಿದುಬಿಟ್ಟಿದೆ, ನೀಲಿ ಬಣ್ಣದ್ದು' ಎಂದು ಹೇಳಲು ಬರುವುದಿಲ್ಲ.

ಸಂವಹನಕ್ಕಾಗಿ ಕಲಿಸುವವರು ಕೆಲಸವನ್ನು ಇನ್ನೊಂದು ತುದಿಯಿಂದ ಶುರು ಮಾಡುತ್ತಾರೆ. ಮೂರನೇ ತರಗತಿಯ ಮಗು ತನ್ನ ಊಟದ ಡಬ್ಬಿಯಲ್ಲಿ ಏನಿದೆ ಎಂದು ಪಕ್ಕದವನಿಗೆ ಹೇಳಿ, ಒಂದನ್ನು ಕೊಟ್ಟು ಇನ್ನೊಂದನ್ನು ಕೇಳಿ ಪಡೆಯಬೇಕು. ಆರನೇ ತರಗತಿಯ ಹುಡುಗ ಕಳೆದುಹೋದ ವಸ್ತುವಿನ ಬಗ್ಗೆ ವಾಯ್ಸ್ ಮೆಸೇಜ್ ಕಳಿಸಬೇಕು. ಎಂಟನೆಯವರು ವಿಡಿಯೋ ಕರೆಯಲ್ಲಿ ಹೈಫಾದ ಒಂದು ತರಗತಿಯ ಮಕ್ಕಳ ಜೊತೆ ಶಾಲೆಯಲ್ಲಿ ಮೊಬೈಲ್ ಬೇಕೇ ಬೇಡವೇ ಎಂದು ವಾದಿಸಬೇಕು. ಕೇಳಿದವರಿಗೆ ವಿಷಯ ಮುಟ್ಟಿತೋ ಇಲ್ಲವೋ ಎಂಬುದರ ಮೇಲೆ ಅಂಕ. ಅಮೆರಿಕದ ವಿದೇಶಿ ಭಾಷಾ ಶಿಕ್ಷಕರ ಮಂಡಳಿ ಆಕ್ಟ್‌ಫಲ್ ಇಂಥ ಕಲಿಕೆಗೆ ಮಟ್ಟಗಳನ್ನೇ ಗೊತ್ತುಮಾಡಿದೆ. ತರಗತಿಯ ಶೇ. 90ಕ್ಕೂ ಹೆಚ್ಚು ಮಾತು ಕಲಿಯುವ ಭಾಷೆಯಲ್ಲೇ ಇರಲಿ ಎನ್ನುವುದು ಅದರ ಸಲಹೆ. ವ್ಯಾಕರಣ ಇಲ್ಲಿಂದ ಓಡಿಹೋಗುವುದಿಲ್ಲ. ಕನ್ನಡದಲ್ಲಿ ಹುಡುಗನಿಗೂ ಹುಡುಗಿಗೂ ಒಂದೇ 'ನೀನು' ಸಾಕು. ಹೀಬ್ರೂವಿನಲ್ಲಿ ಎದುರಿಗಿರುವುದು ಹುಡುಗನೋ ಹುಡುಗಿಯೋ ಎಂಬುದರ ಮೇಲೆ ಆ ಪದವೂ ಬದಲು, ಕ್ರಿಯಾಪದವೂ ಬದಲು. ದಿನಕ್ಕೆ ಹತ್ತು ಸಲ ಇಬ್ಬರ ಜೊತೆಯೂ ಮಾತಾಡುವ ಮಗುವಿಗೆ ಇದು ತಾನಾಗಿ ಕೂರುತ್ತದೆ.

ಇಂದಿನ ಹೀಬ್ರೂ ಓದಲು ಬರಬೇಕಾದರೂ ಮಾತು ಬೇಕು. ಇಸ್ರೇಲಿನ ಪತ್ರಿಕೆ, ಅಂಗಡಿಯ ಬೋರ್ಡು, ಫೋನಿನ ಮೆಸೇಜು, ಯಾವುದರಲ್ಲೂ ನಿಕ್ಕೂದ್ ಇರುವುದಿಲ್ಲ. ಪದ ಮೊದಲೇ ಕಿವಿಗೆ ಬಿದ್ದಿದ್ದರೆ ವ್ಯಂಜನ ನೋಡಿ ಸ್ವರ ಊಹಿಸಬಹುದು. ಇಲ್ಲದಿದ್ದರೆ ಸಿದ್ದೂರನ್ನು ಸರಸರ ಓದುವ ಮಗುವೂ ಅಲ್ಲಿ ತಡವರಿಸುತ್ತದೆ.

ಇದೆಲ್ಲ ಅಸಾಧ್ಯ ಎನ್ನುವವರು ಈ ಭಾಷೆಯ ಇತಿಹಾಸವನ್ನೇ ನೋಡಬೇಕು. ಓದಿಗಷ್ಟೇ ಉಳಿದಿದ್ದ ಹೀಬ್ರೂವನ್ನು ಮತ್ತೆ ಆಡುಮಾತು ಮಾಡಲು ಹೊರಟ ಎಲಿಯೇಜರ್ ಬೆನ್-ಯೆಹೂದಾ 1881ರಲ್ಲಿ ಜೆರುಸಲೇಮಿಗೆ ಬಂದರು. ಮರುವರ್ಷ ಹುಟ್ಟಿದ ಮಗನ ಜೊತೆ ಮನೆಯಲ್ಲಿ ಹೀಬ್ರೂ ಬಿಟ್ಟು ಬೇರೆ ಮಾತು ಆಡಲಿಲ್ಲ. ಆದರೆ ಒಂದು ಮನೆಯಿಂದ ಭಾಷೆ ಎದ್ದು ನಿಲ್ಲುವುದಿಲ್ಲ. ಅದನ್ನು ಎತ್ತಿ ನಿಲ್ಲಿಸಿದ್ದರಲ್ಲಿ ದೊಡ್ಡ ಪಾಲು ಶಾಲೆಯದು. ರಿಶೋನ್ ಲೆಜಿಯೋನ್ ಎಂಬ ಊರಿನ ಹವೀವ್ ಶಾಲೆ 1886ರಲ್ಲಿ ಶುರುವಾಗಿ ಪಾಠಗಳನ್ನು ಹೀಬ್ರೂವಿನಲ್ಲಿ ಹೇಳಿಕೊಡತೊಡಗಿತು. ಹೀಬ್ರೂವನ್ನು ಹೀಬ್ರೂವಿನಲ್ಲೇ ಕಲಿಸುವ ಈ ವಿಧಾನಕ್ಕೆ 'ಇವ್ರಿತ್ ಬೆ-ಇವ್ರಿತ್' ಎಂಬ ಹೆಸರು ಬಂತು. ಇತ್ಜಾಕ್ ಎಪ್‌ಸ್ಟೈನ್, ದಾವಿದ್ ಯೆಲ್ಲಿನ್ ಮುಂತಾದ ಮೇಷ್ಟ್ರುಗಳು ಅದನ್ನು ಬೆಳೆಸಿದರು. 1913ರಲ್ಲಿ ಹೈಫಾದಲ್ಲಿ ತಾಂತ್ರಿಕ ವಿದ್ಯಾಲಯ ತೆರೆಯಲು ತಯಾರಿ ನಡೆದು, ಜರ್ಮನ್‌ನಲ್ಲಿ ಕಲಿಸುವ ಮಾತು ಬಂದಾಗ ಶಿಕ್ಷಕರೂ ವಿದ್ಯಾರ್ಥಿಗಳೂ ಬೀದಿಗಿಳಿದರು, ಹೀಬ್ರೂ ಗೆದ್ದಿತು. ಆ ಮೊದಲ ತಲೆಮಾರಿನ ಮೇಷ್ಟ್ರುಗಳಿಗೆ ಹೀಬ್ರೂ ತಾಯಿನುಡಿ ಆಗಿರಲಿಲ್ಲ. ಅನೇಕ ವಸ್ತುಗಳಿಗೆ ಪದಗಳೇ ಇರಲಿಲ್ಲ. ಇವತ್ತಿನ ಶಾಲೆಗೆ ಪಠ್ಯಪುಸ್ತಕ, ಹಾಡು, ಕಾರ್ಟೂನ್, ಇಂಟರ್ನೆಟ್, ಜೊತೆಗೆ ಲಕ್ಷಾಂತರ ಜನ ಮಾತಾಡುವ ಒಂದು ದೇಶವೇ ಇದೆ.

ಮಾತಾಡಲು ಯಾರಿದ್ದಾರೆ ಎಂಬ ಪ್ರಶ್ನೆ ಬರುತ್ತದೆ. ಇದ್ದಾರೆ, ಅಮೆರಿಕದಲ್ಲೇ ಇದ್ದಾರೆ. ಲಾಸ್ ಏಂಜಲೀಸ್‌ನಲ್ಲಿ, ನ್ಯೂಜೆರ್ಸಿಯಲ್ಲಿ, ನಮ್ಮ ಕನ್ನಡಿಗರೂ ತುಂಬಿರುವ ಸನಿವೇಲ್, ಪಾಲೋ ಆಲ್ಟೊಗಳಲ್ಲಿ ಹೀಬ್ರೂ ಆಡುವ ಇಸ್ರೇಲಿ ಕುಟುಂಬಗಳು ನೆಲೆಸಿವೆ. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ಹಮಾಸ್ ನಡೆಸಿದ ದಾಳಿಯ ನಂತರ ಕೆಲವು ಇಸ್ರೇಲಿ ಕುಟುಂಬಗಳು ಸ್ವಲ್ಪ ಕಾಲಕ್ಕೆಂದು ಅಮೆರಿಕಕ್ಕೆ ಬಂದವು, ಹಲವು ಡೇ ಸ್ಕೂಲುಗಳು ಅವರ ಮಕ್ಕಳನ್ನು ಸೇರಿಸಿಕೊಂಡವು. ಮನೆ ಬಿಟ್ಟು, ಹೆದರಿ ಬಂದ ಒಂದು ಏಳು ವರ್ಷದ ಮಗುವನ್ನು ಊಹಿಸಿಕೊಳ್ಳಿ. ಪಕ್ಕದ ಬೆಂಚಿನ ಹುಡುಗಿ ಅದರ ಭಾಷೆಯಲ್ಲೇ 'ಬಾ, ನನ್ನ ಹತ್ತಿರ ಕೂತ್ಕೋ' ಅಂದರೆ ಆ ದಿನ ಆ ಮಗುವಿಗೆ ಬೇರೆಯೇ ಆಗಿರುತ್ತದೆ. ಭಾಷೆಯನ್ನು ಸಂವಹನಕ್ಕಾಗಿ ಕಲಿಸಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ.

ಇನ್ನು ಧರ್ಮಗ್ರಂಥದ ವಿಷಯ. ಮಾತು ಕಲಿಸಿದರೆ ತೋರಾ ಹಿಂದೆ ಬೀಳುತ್ತದೆ ಎಂಬ ಭಯ ನಿಜವಾದದ್ದು. ಆದರೆ ಹೋಗು, ಬಾ, ಕೊಡು, ಕೇಳು, ತಿನ್ನು, ಮಗ, ಮನೆ, ನೀರು, ದಾರಿ ಇಂಥ ಪದಗಳ ಮೂಲಗಳು ತೋರಾದ ಮೊದಲ ಪುಸ್ತಕ ಬೆರೆಶೀತ್‌ನಲ್ಲೂ ಅವೇ, ಇವತ್ತಿನ ಮಾತಿನಲ್ಲೂ ಅವೇ. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ 12ನೇ ಶತಮಾನದ ಒಂದು ವಚನ ಹೇಳಿಕೊಡುವುದನ್ನೂ, ಕನ್ನಡವೇ ಬಾರದ ಮಗುವಿಗೆ ಅದನ್ನೇ ಹೇಳಿಕೊಡುವುದನ್ನೂ ನೆನೆಸಿಕೊಳ್ಳಿ. ಮೊದಲನೆಯ ಮಗುವಿಗೆ ಕೆಲವು ಪದ ಬಿಡಿಸಿ ಹೇಳಿದರೆ ಸಾಕು.

ಒಳ್ಳೆಯ ಶಿಕ್ಷಕರ ಕೊರತೆ ಇದೆ, ಒಪ್ಪಬೇಕು. ಇಸ್ರೇಲಿನಿಂದ ಬಂದವರೆಲ್ಲ ಹೀಬ್ರೂ ಕಲಿಸಬಲ್ಲರು ಎಂದು ಶಾಲೆಗಳು ಬಹುಕಾಲ ನಂಬಿದ್ದು ಇದಕ್ಕೆ ಒಂದು ಕಾರಣ. ತಾಯಿನುಡಿ ಆಡುವುದೇ ಬೇರೆ, ಅದನ್ನು ಎರಡನೇ ಭಾಷೆಯಾಗಿ ಕಲಿಸುವುದೇ ಬೇರೆ. ವರ್ಮಾಂಟ್‌ನ ಮಿಡಲ್‌ಬರಿ ಕಾಲೇಜಿನಲ್ಲಿ ಈಗ ಇದಕ್ಕೆಂದೇ ಸ್ನಾತಕೋತ್ತರ ಪದವಿ ಇದೆ. ಶಿಕ್ಷಕರನ್ನು ತಯಾರು ಮಾಡಲು ಆಗುತ್ತದೆ, ಶಾಲೆಗಳು ಅದಕ್ಕೆ ಹಣ ತೆಗೆದಿಡಬೇಕು ಅಷ್ಟೆ.

ವಿರೋಧ: ಓದು ಮೊದಲು, ಮಾತು ಆಮೇಲೆ

12ನೇ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇದ್ದ. ಊರು ಟುನೀಶಿಯಾದ ಮಹ್ದಿಯಾ. ಮಂಗಳೂರಿನಲ್ಲಿ ಅವನಿಗೆ ಕಂಚಿನ ಕೆಲಸದ ಕಾರ್ಖಾನೆಯೂ ಇತ್ತು. ಬೊಮ್ಮ ಎಂಬ ಆಳು ಅವನ ಸರಕು, ಹಣ ತೆಗೆದುಕೊಂಡು ಏಡನ್‌ವರೆಗೆ ಹೋಗಿಬರುತ್ತಿದ್ದ. ಈ ಬೆನ್ ಯಿಜುವಿನ ಕಾಗದಗಳು ಕೈರೋದ ಹಳೆಯ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಒಂದರ ಕೋಣೆಯಲ್ಲಿ ಉಳಿದುಕೊಂಡಿದ್ದವು. ವ್ಯಾಪಾರದ ಪತ್ರಗಳ ಭಾಷೆ ಅರಬ್ಬಿ, ಬರೆದದ್ದು ಹೀಬ್ರೂ ಅಕ್ಷರದಲ್ಲಿ. 1132ರಲ್ಲಿ ಅಶು ಎಂಬ ಸ್ಥಳೀಯ ದಾಸಿಯನ್ನು ಬಿಡುಗಡೆ ಮಾಡಿದಾಗ ಮಂಗಳೂರಿನಲ್ಲೇ ಯಹೂದಿ ಕಾನೂನಿನ ಕ್ರಮದಲ್ಲಿ ಪತ್ರ ಬರೆದ. ಬಿಡುವಾದಾಗ ಹೀಬ್ರೂವಿನಲ್ಲಿ ಪದ್ಯ ಕಟ್ಟುತ್ತಿದ್ದ. ಮಂಗಳೂರಿನ ಪೇಟೆಯಲ್ಲಿ ಅವನಿಗೆ ಹೀಬ್ರೂ ಮಾತಾಡುವ ಅಗತ್ಯ ಬಿದ್ದಿರಲಾರದು. ಹಾಗೆಂದು ಅವನಿಗೆ ಹೀಬ್ರೂ ಬರುತ್ತಿರಲಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ?

ಕ್ರಿ.ಶ. 200ರ ಆಸುಪಾಸಿನಿಂದ 19ನೇ ಶತಮಾನದ ಕೊನೆಯವರೆಗೆ ಹೀಬ್ರೂ ಯಾರ ತಾಯಿನುಡಿಯೂ ಆಗಿರಲಿಲ್ಲ. ಆ ಕಾಲದಲ್ಲೇ ಫ್ರಾನ್ಸಿನ ತ್ರ್ವಾ ಪಟ್ಟಣದಲ್ಲಿ ರಶಿ (1040-1105) ತೋರಾಕ್ಕೆ ವ್ಯಾಖ್ಯಾನ ಬರೆದರು. ಅವರ ಮನೆಮಾತು ಫ್ರೆಂಚ್. ಈಜಿಪ್ಟಿನಲ್ಲಿ ಅರಬ್ಬಿ ಆಡುತ್ತಿದ್ದ ಮೈಮನಿಡೀಸ್ ತಮ್ಮ ದೊಡ್ಡ ಕಾನೂನು ಗ್ರಂಥವನ್ನು ಹೀಬ್ರೂವಿನಲ್ಲಿ ಬರೆದರು. ಇವರು ಒಬ್ಬರಿಗೊಬ್ಬರು ಫೋನು ಮಾಡಲಿಲ್ಲ, ಆದರೆ ದೇಶ-ಕಾಲ ದಾಟಿ ಮಾತಾಡಿಕೊಂಡರು. ಇವತ್ತಿನ ಹನ್ನೆರಡರ ಹುಡುಗಿ ರಶಿಯ ಒಂದು ಸಾಲು ಓದಿ 'ಇವರು ಹೇಳುವುದು ಸರಿಯಲ್ಲ' ಎಂದರೆ ಅದೂ ಸಂವಹನವೇ. ಅದಕ್ಕೆ ಬೇಕಾದ ಹೀಬ್ರೂ ಬೇರೆ.

ಎಷ್ಟು ಬೇರೆ? ಪರವಾಗಿ ವಾದಿಸುವವರು ವಚನದ ಮಾತು ಎತ್ತಿದರು. ಅಂತರ ಅದಕ್ಕಿಂತ ದೊಡ್ಡದು, ಹಳಗನ್ನಡದ ಚಂಪೂ ಕಾವ್ಯದಷ್ಟು. ತೋರಾದ ಕಥನದಲ್ಲಿ ಕ್ರಿಯಾಪದದ ಮುಂದೆ ಒಂದು ಅಕ್ಷರ ಸೇರಿದರೆ ಭವಿಷ್ಯದಂತೆ ಕಾಣುವ ರೂಪ ನಡೆದುಹೋದದ್ದನ್ನು ಹೇಳುತ್ತದೆ. ಇವತ್ತಿನ ಮಾತಿನಲ್ಲಿ ಇದು ಇಲ್ಲ. ಪದಗಳ ಕ್ರಮ ಬೇರೆ. ಅದೇ ಪದಕ್ಕೆ ಎಷ್ಟೋ ಕಡೆ ಅರ್ಥ ಬೇರೆ. ಯಹೂದಿ ಕಾನೂನಿನ ಚರ್ಚೆಗಳ ಗ್ರಂಥವಾದ ತಾಲ್ಮುದ್‌ನ ಹೆಚ್ಚಿನ ಭಾಗವಂತೂ ಹೀಬ್ರೂವೇ ಅಲ್ಲ, ಅದಕ್ಕೆ ಹತ್ತಿರದ ಅರಮಾಯಿಕ್ ಭಾಷೆ. ಮಾರುಕಟ್ಟೆಯ ಹೀಬ್ರೂ ಕಲಿತವರಿಗೆ ಪರಿಚಿತ ಪದ ಸಿಗುತ್ತದೆ, ಅಷ್ಟಕ್ಕೇ ವಾಕ್ಯ ಬಿಟ್ಟುಕೊಡುವುದಿಲ್ಲ.

ಗಂಟೆಗಳ ಲೆಕ್ಕಕ್ಕೆ ಬರೋಣ. ಆ 1,100 ಗಂಟೆ ಬೆಳೆದವರಿಗೆ ಹಾಕಿದ ಲೆಕ್ಕ. ಅವರಿಗೆ ಕಲಿಯುವುದೇ ಆಗಿನ ಪೂರ್ಣಾವಧಿ ಕೆಲಸ, ತರಗತಿಯಲ್ಲಿ ಕೆಲವೇ ಜನ, ಮುಗಿದ ಕೂಡಲೇ ಆ ದೇಶಕ್ಕೇ ಹೋಗುವವರು. ಶಾಲೆಯಲ್ಲಿ 20 ಮಕ್ಕಳ ಒಂದು ತರಗತಿಗೆ 40 ನಿಮಿಷ. ಟೀಚರ್ ಬಾಯೇ ತೆರೆಯದಿದ್ದರೂ ಒಂದು ಮಗುವಿನ ಪಾಲಿಗೆ ಬರುವುದು ಎರಡು ನಿಮಿಷ. ಗಂಟೆ ಬಾರಿಸಿದ ಮೇಲೆ ಕಾರಿಡಾರಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಇಂಗ್ಲಿಷ್.

ಇಡೀ ದಿನ ಭಾಷೆಯಲ್ಲಿ ಮುಳುಗಿಸಿದರೆ? 1965ರಲ್ಲಿ ಕೆನಡಾದ ಮಾಂಟ್ರಿಯಲ್ ಹತ್ತಿರದ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಗಳ ಮಕ್ಕಳಿಗೆ ಪಾಠವನ್ನೇ ಫ್ರೆಂಚ್‌ನಲ್ಲಿ ಹೇಳಿಕೊಡುವ ಪ್ರಯೋಗ ಶುರುವಾಯಿತು, ಆಮೇಲೆ ದೇಶದ ತುಂಬ ಹಬ್ಬಿತು. ಅಂಥ ಮಕ್ಕಳಿಗೆ ಕೇಳಿ ತಿಳಿಯುವುದು, ಓದುವುದು ಬಹಳ ಚೆನ್ನಾಗಿ ಬಂತು. ಮಾತಿನಲ್ಲಿ, ಬರವಣಿಗೆಯಲ್ಲಿ ತಪ್ಪುಗಳು ವರ್ಷಗಟ್ಟಲೆ ಉಳಿದವು. ಕ್ವಿಬೆಕ್‌ನಲ್ಲಿ ಬಾಗಿಲಾಚೆ ಬಂದರೆ ಫ್ರೆಂಚ್ ಇದೆ. ಅಟ್ಲಾಂಟಾದಲ್ಲಿ, ಷಿಕಾಗೋದಲ್ಲಿ ಬಾಗಿಲಾಚೆ ಹೀಬ್ರೂ ಎಲ್ಲಿದೆ?

ಶಾಲೆಯ ಹೊರಗೆ ಆ ಪರಿಸರ ಕಟ್ಟಲು ಯಹೂದಿ ಸಮುದಾಯ ಪ್ರಯತ್ನಿಸಲಿಲ್ಲ ಎಂದಲ್ಲ. 1941ರಲ್ಲಿ ಶುರುವಾಗಿ ಆಮೇಲೆ ಪೆನ್ಸಿಲ್ವೇನಿಯಾದ ಗುಡ್ಡಗಳಲ್ಲಿ ನೆಲೆಯೂರಿದ ಮಸ್ಸಾದ್ ಬೇಸಿಗೆ ಶಿಬಿರದಲ್ಲಿ ಆಟ, ಊಟ, ಜಗಳ ಎಲ್ಲ ಹೀಬ್ರೂವಿನಲ್ಲೇ ಆಗಬೇಕಿತ್ತು. 1947ರಲ್ಲಿ ವಿಸ್ಕಾನ್ಸಿನ್‌ನಲ್ಲಿ ತೊಡಗಿದ ರಾಮಾ ಶಿಬಿರಕ್ಕೂ ಅದೇ ಆಸೆ ಇತ್ತು. ಅಂಥ ಶಿಬಿರಗಳಲ್ಲಿ ಈಗ ಸಾಮಾನ್ಯವಾಗಿ ಕೇಳಿಸುವುದು ಇಂಗ್ಲಿಷ್ ವಾಕ್ಯ, ನಡುವೆ ಊಟದ ಹಾಲ್, ಈಜುಕೊಳ, ಕೋಣೆಗಳಿಗೆ ಹೀಬ್ರೂ ಹೆಸರು. ಮಕ್ಕಳಿಗೆ ಇದೂ ಪ್ರೀತಿಯ ವಿಷಯವೇ, ಭಾಷೆಯ ಜೊತೆ ನಂಟು ಉಳಿಯುತ್ತದೆ. ಮಾತಾಡಲು ಬರುವುದು ಎಂದರೆ ಮಾತ್ರ ಇದಲ್ಲ.

ಇಷ್ಟರವರೆಗೆ ಹೇಳಿದ್ದು ಆಗುತ್ತದೋ ಇಲ್ಲವೋ ಎಂಬುದರ ಬಗ್ಗೆ. ನನಗೆ ಹೆಚ್ಚು ಕಾಡುವುದು ಕಳೆದುಹೋಗುವುದರ ಬಗ್ಗೆ.

ಬೆರೆಶೀತ್‌ನ 22ನೇ ಅಧ್ಯಾಯ ತೆಗೆದುಕೊಳ್ಳಿ. ದೇವರು ಅಬ್ರಹಾಮನಿಗೆ ಮಗನನ್ನು ಬಲಿ ಕೊಡು ಎನ್ನುತ್ತಾನೆ. ಅಪ್ಪ ಬೆಳಿಗ್ಗೆ ಎದ್ದು ಕತ್ತೆಗೆ ತಡಿ ಹಾಕಿ ಸೌದೆ ಸೀಳುತ್ತಾನೆ. ಮೂರನೇ ದಿನ ಜಾಗ ಕಾಣಿಸುತ್ತದೆ. ದಾರಿಯಲ್ಲಿ ಮಗ ಕೇಳುತ್ತಾನೆ: ಬೆಂಕಿ ಇದೆ, ಸೌದೆ ಇದೆ, ಕುರಿ ಎಲ್ಲಿ? ಅಪ್ಪ ಕೊಟ್ಟ ಉತ್ತರವನ್ನು ಎರಡು ಮೂರು ರೀತಿ ಓದಬಹುದು. ಇಡೀ ಕಥೆ ಹತ್ತೊಂಬತ್ತು ಸಾಲಿನಲ್ಲಿ ಮುಗಿದುಹೋಗುತ್ತದೆ, ಯಾರ ಮನಸ್ಸಿನಲ್ಲಿ ಏನಿತ್ತು ಎಂದು ಒಂದು ಪದವೂ ಇಲ್ಲ. ಆರನೇ ತರಗತಿಯ ಮಗುವಿಗೆ ಇಲ್ಲಿ ಕೇಳಲು ನೂರು ಪ್ರಶ್ನೆ ಇರುತ್ತದೆ. ಅಪ್ಪ ಯಾಕೆ ವಾದಿಸಲಿಲ್ಲ? ಸೊದೋಮ್ ಊರಿಗಾಗಿ ದೇವರ ಜೊತೆ ಚೌಕಾಸಿ ಮಾಡಿದವನು ಮಗನಿಗಾಗಿ ಯಾಕೆ ಸುಮ್ಮನಿದ್ದ? ಅಮ್ಮನಿಗೆ ಗೊತ್ತಿತ್ತಾ?

'ಇವ್ರಿತ್ ಬೆ-ಇವ್ರಿತ್' ಕಟ್ಟುನಿಟ್ಟಾಗಿರುವ ಶಾಲೆಯಲ್ಲಿ ಈ ಪಾಠವೂ ಹೀಬ್ರೂವಿನಲ್ಲೇ ನಡೆಯಬೇಕು. ಮಗುವಿನ ಯೋಚನೆಗೆ ಹನ್ನೆರಡು ವರ್ಷ, ಅದರ ಹೀಬ್ರೂವಿಗೆ ನಾಲ್ಕು ವರ್ಷ. ಪ್ರಶ್ನೆ ಗಂಟಲಲ್ಲೇ ಉಳಿಯುತ್ತದೆ. ಟೀಚರ್ ಕೇಳುವುದು 'ಯಾರು ಹೋದರು? ಎಲ್ಲಿಗೆ ಹೋದರು? ಏನು ತೆಗೆದುಕೊಂಡು ಹೋದರು?' ಮಗು ಸರಿಯಾಗಿ ಉತ್ತರಿಸುತ್ತದೆ, ಅಂಕ ಸಿಗುತ್ತದೆ. ಆ ಅಧ್ಯಾಯವನ್ನು ಮೊದಲ ಸಲ ಓದುವಾಗ ಆಗಬೇಕಾದ ಕಳವಳ ಮಾತ್ರ ಆಗುವುದೇ ಇಲ್ಲ. ಪಠ್ಯವನ್ನು ಮೂಲದಲ್ಲೇ ಓದಲಿ, ಪದಪದವಾಗಿ ಬಿಡಿಸಲಿ, ಚರ್ಚೆ ಇಂಗ್ಲಿಷಿನಲ್ಲಿ ಆಗಲಿ. ಮಗು ತನ್ನ ಪೂರ್ತಿ ಬುದ್ಧಿಯೊಂದಿಗೆ ತೋರಾದ ಎದುರು ನಿಲ್ಲುವುದಕ್ಕೆ ನನಗೆ ಬೇರೆ ದಾರಿ ಕಾಣುವುದಿಲ್ಲ.

ಇಸ್ರೇಲಿನ ಮಾತೂ ಇದೆ. ಮಾತಿನ ಹೀಬ್ರೂವನ್ನು ಕಲಿಸುವವರು ಸಹಜವಾಗಿ ಅದನ್ನು ಆ ದೇಶಕ್ಕೆ ಕಟ್ಟುತ್ತಾರೆ: ಅಲ್ಲಿನ ಬಸ್ಸು, ಅಲ್ಲಿನ ಸಂತೆ, ಅಲ್ಲಿನ ಫಲಾಫೆಲ್ ಅಂಗಡಿ. ಎಲ್ಲ ಮನೆಗಳಿಗೂ ಆ ದೇಶದ ಜೊತೆ ಒಂದೇ ಥರದ ಸಂಬಂಧ ಇಲ್ಲ. ಹದಿನಾರರ ಹುಡುಗನಿಗೆ ಇಸ್ರೇಲಿ ಸರ್ಕಾರದ ಮೇಲೆ ಸಿಟ್ಟು ಬಂದ ದಿನ ಅವನು ಆ ಭಾಷೆಯನ್ನೂ ಪಕ್ಕಕ್ಕಿಡಬಹುದು. ಸಿದ್ದೂರ್ ಮತ್ತು ರಶಿಯ ಮೂಲಕ ಬಂದ ಹೀಬ್ರೂ ಅಷ್ಟು ಸುಲಭವಾಗಿ ಸಿಟ್ಟಿಗೆ ಸಿಗುವುದಿಲ್ಲ, ಅದು ಅವನ ಮನೆತನದ್ದೇ.

ಓಡಿಬಂದ ಆ ಏಳು ವರ್ಷದ ಮಗುವಿನ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ, ಹುಡುಕುವುದೂ ಇಲ್ಲ. 'ಬಾ, ಕೂತ್ಕೋ' ಎನ್ನಲು ಬೇಕಾದಷ್ಟು ಮಾತು ಎಲ್ಲ ಮಕ್ಕಳಿಗೂ ಬರಲಿ. ಸಣ್ಣ ತರಗತಿಗಳಲ್ಲಿ ಹಾಡಿನಲ್ಲಿ, ಆಟದಲ್ಲಿ ಅಷ್ಟನ್ನು ಖಂಡಿತ ಕೊಡಬಹುದು. ಮುಂದೆ ನಿಜವಾಗಿ ಮಾತು ಬೇಕಾದವರಿಗೆ ಉಲ್ಪಾನ್ ಎಂಬ ಹೀಬ್ರೂ ಕಲಿಕಾ ಶಾಲೆ ಇದೆ. 1949ರಲ್ಲಿ ಜೆರುಸಲೇಮಿನಲ್ಲಿ ಉಲ್ಪಾನ್ ಎತ್ಜಿಯೋನ್ ತೆರೆದಾಗಿನಿಂದ ಬೇರೆ ಬೇರೆ ದೇಶಗಳಿಂದ ಬಂದ ವಯಸ್ಕರು ಕೆಲವೇ ತಿಂಗಳು ಅಲ್ಲಿ ಕೂತು, ಆಮೇಲೆ ಬೀದಿಯಲ್ಲಿ ಓಡಾಡಿ ಹೀಬ್ರೂ ಕಲಿತಿದ್ದಾರೆ. ಸುತ್ತ ಎಲ್ಲರೂ ಆಡುವ ಜಾಗದಲ್ಲಿ ಮಾತು ಬೇಗ ಹತ್ತುತ್ತದೆ.

ವರ್ಷಕ್ಕೆ 20,000 ಡಾಲರ್ ದಾಟುವ ಫೀಸು ಇಂಥ ಶಾಲೆಗಳಲ್ಲಿ ಹೊಸದೇನಲ್ಲ. ಅಷ್ಟು ಕೊಟ್ಟ ತಂದೆತಾಯಿ ಏನು ಕೇಳಬೇಕು? ಎಂಟನೇ ತರಗತಿ ಮುಗಿಯುವಾಗ ಪರೀಕ್ಷೆ ಹೀಗಿರಲಿ ಎಂದು ಕೇಳಲಿ: ಮಗು ಮುಂಚೆ ನೋಡದ ತೋರಾದ ಹತ್ತು ಸಾಲು, ಒಂದು ನಿಘಂಟು, ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಇಲ್ಲ. ಅರ್ಥ ಹೇಳಬೇಕು. ಆ ಸಾಲುಗಳಲ್ಲಿ ತನಗೆ ಎಲ್ಲಿ ಅನುಮಾನ ಬಂತು ಎಂದು ಹೇಳಬೇಕು. ಆಮೇಲೆ ರಶಿಯ ಪುಟ ತೆಗೆದು, ಅವರಿಗೂ ಅದೇ ಅನುಮಾನ ಬಂದಿತ್ತೋ ಇಲ್ಲವೋ ತಾನೇ ಹುಡುಕಬೇಕು.